ಅತ್ತೆಯವರಿಂದ ಕೈ ಎತ್ತಿಸಿದ ಪ್ರಸಂಗ

ಲೋಕದಲ್ಲಿ ಅಪಾಯದ ಕೆಲಸಗಳಿಗೇನೂ ಕೊರತೆಯಿಲ್ಲ. ಹುಲಿಯ ಬಾಯಿಗೆ ಥರ್ಮಾಮೀಟರ್ ಇಡಬೇಕೆ, ಕೊಡಿ, ಇಟ್ಟು ಬರುತ್ತೇನೆ. ಹಾರುತ್ತಿರುವ ವಿಮಾನದ ರೆಕ್ಕೆಯ ಮೇಲೆ ಕೂತು ಕಿಟಕಿಯ ಗಾಜು ಒರೆಸಬೇಕೆ, ಒಂದು ಒದ್ದೆ ಬಟ್ಟೆ ಸಿಕ್ಕರೆ ಸಾಕು. ಆದರೆ ಸ್ವಂತ ಅತ್ತೆಯವರನ್ನು ಪಕ್ಕಕ್ಕೆ ಕರೆದು, ತರಗತಿಯಲ್ಲಿ ಜಾಣಮರಿಯ ಹಾಗೆ ನಡೆದುಕೊಂಡರೆ ನಿಮ್ಮ ಕಾರ್ಡಿಗೆ ಒಂದು ನಕ್ಷತ್ರ ಅಂಟಿಸುತ್ತೇನೆ ಎಂದು ಹೇಳುವ ಕೆಲಸ ಮಾತ್ರ ನನ್ನ ವೈರಿಗೂ ಬರುವುದು ಬೇಡ. (ನನ್ನ ವೈರಿ ಎಂದರೆ ನನ್ನ ಷಡ್ಡಕ. ಅವನಿಗೂ ಅತ್ತೆ ಇವರೇ. ಆದರೆ ಅವನು ಜಾಣ, ಅವರನ್ನು ನಮ್ಮ ಮನೆಯಲ್ಲೇ ಬಿಟ್ಟಿದ್ದಾನೆ.)

ಮೊದಲು ನನ್ನ ಪರಿಚಯ. ನಾನು ನಿವೃತ್ತ ಕನ್ನಡ ಮೇಷ್ಟ್ರು. ಶಾಲೆ ನನ್ನನ್ನು ಬಿಟ್ಟಿತೇ ಹೊರತು ನಾನು ಶಾಲೆಯನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ನಿಂತು “ಹಾಲು ಬಂತು” ಎಂದರೆ, ಹಾಲು ತಾನಾಗಿ ನಡೆದು ಬರುವುದಿಲ್ಲ, ಈ ವಾಕ್ಯದಲ್ಲಿ ಕರ್ತೃ ಎಲ್ಲಿ ಹೋದ ಎಂದು ಅವನನ್ನು ನಿಲ್ಲಿಸಿ ಕೇಳುತ್ತಿದ್ದೆ. ಅವನು ಹಾಲಿನ ಕ್ಯಾನು ಅಲ್ಲೇ ಇಟ್ಟು ಯೋಚಿಸುವಷ್ಟರಲ್ಲಿ ಬೀದಿಯ ಉಳಿದ ಮನೆಗಳಿಗೆ ಮೊಸರೇ ತಲುಪುತ್ತಿತ್ತು. ಹೆಂಡತಿ ತನ್ನ ತಂಗಿಯೊಡನೆ ಫೋನಿನಲ್ಲಿ ನನ್ನನ್ನು ಬೈಯುತ್ತಿದ್ದರೂ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕ್ರಿಯಾಪದ ತಪ್ಪಿದಾಗ ಮಾತ್ರ ಒಳಗಿನಿಂದಲೇ ತಿದ್ದುತ್ತಿದ್ದೆ.

ಒಂದು ದಿನ ಹೆಂಡತಿ ತೀರ್ಪು ಕೊಟ್ಟಳು. ಸಂಜೆಯ ಹೊತ್ತು ನಾನು ಮನೆಯಲ್ಲಿ ಇರತಕ್ಕದ್ದಲ್ಲ. ಏನಾದರೂ ಕೆಲಸ ಹುಡುಕಿಕೊಳ್ಳಬೇಕು, ಇಲ್ಲವಾದರೆ ಪಕ್ಕದ ಮನೆಯವರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು ಮೊಳೆ ತೂಗಬೇಕು. ಅವರ ಹತ್ತಿರ ಆಗಲೇ ಮಾತಾಡಿಯೂ ಬಿಟ್ಟಿದ್ದಳು. ವ್ಯಾಕರಣದ ಮೇಷ್ಟ್ರು ಮೊಳೆ ತೂಗುವುದೇ? ನಾನು ಹೆದರಿ ಓಡಿದವನು ನಿಂತದ್ದು ನಮ್ಮ ಬಡಾವಣೆಯ ಲೈಬ್ರರಿಯ ಮುಂದೆ. ಮಹಡಿಯ ಮೇಲೆ ಒಂದು ಖಾಲಿ ಕೋಣೆ, ಒಂದು ಕರಿಹಲಗೆ, ನಾಲ್ಕಾರು ಕುಂಟು ಬೆಂಚು. ಅಲ್ಲಿ ವಯಸ್ಸಾದವರಿಗೆ ಮೊಬೈಲ್ ಫೋನ್ ಬಳಸುವುದನ್ನು ಹೇಳಿಕೊಡುತ್ತೇನೆ ಎಂದು ಲೈಬ್ರರಿ ನೋಡಿಕೊಳ್ಳುವ ಮೇಡಂ ಅವರನ್ನು ಒಪ್ಪಿಸಿದೆ. ನನಗೆ ಮೊಬೈಲ್ ಬರುತ್ತಿತ್ತೇ ಎಂದು ಕೇಳುತ್ತೀರಿ. ಬೆಳಿಗ್ಗೆ ಕಲಿತು ಸಂಜೆ ಕಲಿಸುವುದು ಮೇಷ್ಟ್ರುಗಳಿಗೆ ಹೊಸ ವಿದ್ಯೆಯೇನಲ್ಲ.

ತರಗತಿ ತುಂಬಿತು. ಕಣ್ಣು ಕಾಣುವಷ್ಟು ಕಾಲ ಹೊಲಿದು ಮುಗಿಸಿದ್ದ ಒಬ್ಬ ದರ್ಜಿ ಬಂದರು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬಂದರು. ಕರಿಹಲಗೆಯ ಹತ್ತಿರ ಯಾರೇ ನಿಂತರೂ ಅವರು ಅಭ್ಯಾಸಬಲದಿಂದ “ಸ್ವಲ್ಪ ಒಳಗೆ ಹೋಗಿ” ಎನ್ನುತ್ತಿದ್ದರು. ಇನ್ನೂ ಕೆಲವರು ಬಂದರು. ಎರಡನೆಯ ದಿನ, ನಾನೂ ಕಲಿಯಬೇಕು ಎಂದು ಅತ್ತೆಯವರು ಬಂದು ಮೊದಲ ಬೆಂಚಿನಲ್ಲಿ ಕೂತರು.

ನನ್ನ ಅವನತಿ ಅಂದೇ ಆರಂಭವಾಯಿತು. ಉಳಿದವರೆಲ್ಲ ನನ್ನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅತ್ತೆಯವರು “ಅಳಿಯಂದಿರೇ” ಎಂದರು. ಎರಡೇ ದಿನದಲ್ಲಿ ಅದು ನೆಗಡಿಯಂತೆ ಹರಡಿ ದರ್ಜಿಯೂ ಅಳಿಯಂದಿರೇ ಅಂದರು, ಕಂಡಕ್ಟರೂ ಅಳಿಯಂದಿರೇ ಅಂದರು. ಇಷ್ಟೊಂದು ಮಾವಂದಿರಿರುವ ಗಂಡಸು ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಏನು ಹೇಳಿದರೂ ಅತ್ತೆಯವರ ಬಳಿ ಅದಕ್ಕೊಂದು ಉದಾಹರಣೆ ಸಿದ್ಧ, ಆ ಉದಾಹರಣೆ ನಾನೇ. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು ಎಂದು ನಾನು ಗಂಭೀರವಾಗಿ ಹೇಳಿದೆ. ಹೌದೌದು, ನಮ್ಮ ಅಳಿಯಂದಿರದ್ದು ಅವರ ಹುಟ್ಟಿದ ದಿನ, ಅದನ್ನೂ ಮರೆತು, ಕಳೆದ ತಿಂಗಳು ನನ್ನ ಮಗಳನ್ನು ಕೇಳುತ್ತಿದ್ದರು ಎಂದರು. ತರಗತಿ ಮುಗಿಯುವಷ್ಟರಲ್ಲಿ ನನ್ನ ಪಾಸ್‌ವರ್ಡ್, ನನ್ನ ಗೊರಕೆ, ನನ್ನ ಬನಿಯನ್ನಿನ ಅಳತೆ (ದರ್ಜಿ ಕೇಳಿದ್ದಕ್ಕೆ) ಎಲ್ಲವೂ ಸಾರ್ವಜನಿಕ ಸೊತ್ತಾಗಿದ್ದವು.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಒಂದು ಸಂಜೆ ಎಲ್ಲರೂ ಹೋದ ಮೇಲೆ ಲೈಬ್ರರಿ ಮೇಡಂ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು.

“ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಕ್ಲಾಸಲ್ಲಿ ಹಿರಿಯರೊಬ್ಬರ ದನಿ ಕೆಳಗಿನ ತನಕ ಬರುತ್ತೆ. ಓದೋಕೆ ಬಂದೋರು ಪುಸ್ತಕ ಮುಚ್ಚಿ ಎದ್ದು ಹೋಗ್ತಿದ್ದಾರೆ. ಅವರ ವಯಸ್ಸಿಗೆ ನಾನು ಮುಖಕ್ಕೆ ಹೇಳೋದು ಚೆನ್ನಾಗಿರಲ್ಲ. ಅವರೇ ಅರ್ಥ ಮಾಡ್ಕೊಂಡ್ರೆ ಒಳ್ಳೇದಿತ್ತು.”

ತಿಂಗಳ ಕೊನೆಗೆ ಲೈಬ್ರರಿಯ ಸಮಿತಿ ಸೇರುತ್ತದೆ, ಅಷ್ಟರೊಳಗೆ ಸರಿಹೋಗದಿದ್ದರೆ ಕೋಣೆಯನ್ನು ಬಿಟ್ಟುಕೊಡಬೇಕಾಗಬಹುದು ಎಂದೂ ಸೇರಿಸಿದರು. ನನ್ನ ಕಣ್ಣ ಮುಂದೆ ಮೊಳೆಗಳು ರಾಶಿರಾಶಿಯಾಗಿ ಸುರಿದವು. ನಾನು ಅವರಿಗೊಂದು ಅರ್ಥಗರ್ಭಿತ ನಗೆ ಬೀರಿ, ಯಾರೆಂದು ಗೊತ್ತಾಯಿತು, ನನಗೆ ಬಿಡಿ ಎಂದೆ.

“ಗೊತ್ತಾಯ್ತಲ್ಲ, ಅಷ್ಟು ಸಾಕು” ಎಂದು ಮೇಡಂ ಬೆಟ್ಟ ಇಳಿಸಿದವರಂತೆ ಉಸಿರು ಬಿಟ್ಟು ಕೆಳಗೆ ಹೋದರು. ಆ ಬೆಟ್ಟವನ್ನು ಎಲ್ಲಿ ಇಳಿಸಿದರು ಅಂದುಕೊಂಡಿರಿ? ನನ್ನ ತಲೆಯ ಮೇಲೆ.

ಅತ್ತೆಗೆ ಸುಮ್ಮನಿರಿ ಎನ್ನುವುದು ಹೇಗೆ? ಹಾಗೆ ಹೇಳಿದರೆ ಅವರು ಅಳುತ್ತಾರೆ. ಅವರು ಅತ್ತರೆ ನನ್ನ ಹೆಂಡತಿ ಅಳುತ್ತಾಳೆ. ಅವಳು ಅತ್ತು ಮುಗಿದ ಮೇಲೆ ನನ್ನ ಸರದಿ. ಮರುದಿನ ಬೆಳಿಗ್ಗೆ ಹಾಲಿನವನ ವಾಕ್ಯದಲ್ಲಿ ಕರ್ತೃ ಇಲ್ಲದಿದ್ದರೂ ಸುಮ್ಮನೆ ಪಾತ್ರೆ ಒಡ್ಡಿದೆ. ಅವನು ಗಾಬರಿಯಾಗಿ, ಮೈ ಹುಷಾರಿಲ್ಲವೇ ಎಂದು ವಿಚಾರಿಸಿದ.

ದಾರಿ ತೋರಿದ್ದು ಅದೇ ಲೈಬ್ರರಿಯ ಕಪಾಟಿನಲ್ಲಿದ್ದ ಒಂದು ಪುಸ್ತಕ. ಚಿಕ್ಕ ಮಕ್ಕಳ ಮೇಷ್ಟ್ರುಗಳಿಗಾಗಿ ಬರೆದದ್ದು. ಗದರಬೇಡಿ, ಬಹುಮಾನ ಕೊಡಿ ಎಂಬುದು ಅದರ ಸಾರ. ಮಗುವಿನ ಒಂದೇ ಒಂದು ನಡತೆಯನ್ನು ಆರಿಸಿಕೊಳ್ಳಬೇಕು. ಮಗುವನ್ನು ಏಕಾಂತದಲ್ಲಿ ಕಂಡು, ಅದರ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೂತು, ಮೊದಲು ಅದರ ಒಳ್ಳೆಯ ಗುಣವೊಂದನ್ನು ಹೊಗಳಿ, ಆಮೇಲೆ ಯೋಜನೆಯನ್ನು ನಗುನಗುತ್ತಾ ವಿವರಿಸಬೇಕು. ನಾವು ಹೇಳಿದಂತೆ ಮಗು ನಡೆದುಕೊಂಡ ಕೂಡಲೇ ಎಲ್ಲರಿಗೂ ಕೇಳುವಂತೆ ಶಹಬ್ಬಾಸ್ ಎಂದು ಕಾರ್ಡಿಗೆ ನಕ್ಷತ್ರ ಅಂಟಿಸಬೇಕು. ಕಾರ್ಡು ತುಂಬಿದ ದಿನ, ಮಗುವಿಗೆ ತುಂಬಾ ಇಷ್ಟವಾದದ್ದೇನೋ ಅದು ಬಹುಮಾನ. ಮಗು ಎಪ್ಪತ್ತು ದಾಟಿದ್ದರೆ ಏನು ಮಾಡಬೇಕೆಂದು ಮಾತ್ರ ಪುಸ್ತಕದಲ್ಲಿ ಬರೆದಿರಲಿಲ್ಲ.

ಅಂಗಡಿಯಿಂದ ನಕ್ಷತ್ರದ ಸ್ಟಿಕ್ಕರ್ ತಂದೆ. ಒಂದು ರಟ್ಟಿಗೆ ಗೀಟು ಹೊಡೆದು ಮನೆ ಮಾಡಿದೆ. ಕನ್ನಡಿಯ ಮುಂದೆ ನಿಂತು ನಗುನಗುತ್ತಾ ವಿವರಿಸಿ ನೋಡಿದೆ. ಹಲ್ಲುನೋವಿನವನು ಲಾಟರಿ ಗೆದ್ದ ಹಾಗಿತ್ತು ಮುಖ. ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ ಅತ್ತೆಯವರ ಕೋಣೆಗೆ ಹೋದೆ. ಅವರು ಮಂಚದ ಅಂಚಿನಲ್ಲಿ ಕೂತು ನನ್ನದೇ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಅತ್ತೆಯವರು ಕುಳ್ಳು. ಅವರ ಕಣ್ಣಿನ ಮಟ್ಟ ಹುಡುಕುತ್ತಾ ನಾನು ಬಗ್ಗಿದೆ, ಇನ್ನೂ ಬಗ್ಗಿದೆ, ಕುಕ್ಕರಗಾಲಿನಲ್ಲಿ ಕೂತೆ. ಮಂಡಿ ಪಟಾಕಿ ಹೊಡೆದಂತೆ ಸದ್ದು ಮಾಡಿ ಅಲ್ಲೇ ಬೀಗ ಹಾಕಿಕೊಂಡಿತು.

“ಏನು ಬಿತ್ತು ಅಳಿಯಂದಿರೇ?” ಎಂದು ಅತ್ತೆ ಮಂಚದ ಕೆಳಗೆ ಇಣುಕಿದರು.

“ಏನೂ ಬಿದ್ದಿಲ್ಲ ಅತ್ತೆ. ನಿಮ್ಮ ಹತ್ರ ಒಂದು ಮಾತಿತ್ತು.”

“ಮಾತಾಡೋಕೆ ನೆಲಕ್ಕೆ ಯಾಕೆ ಇಳಿದ್ರಿ? ಕುರ್ಚಿ ಇದೆಯಲ್ಲ.”

ಮೊದಲು ಹೊಗಳಬೇಕಿತ್ತು. ನೀವು ದಿನವೂ ಸರಿಯಾದ ಹೊತ್ತಿಗೆ ಕ್ಲಾಸಿಗೆ ಬರುತ್ತೀರಿ, ನನಗೆ ಬಹಳ ಸಂತೋಷ ಎಂದೆ. ನಿಮ್ಮ ಜೊತೆಗೇ ತಾನೆ ಬರುವುದು, ಬೇರೆ ಹೊತ್ತಿಗೆ ಬರುವುದು ಹೇಗೆ ಎಂದು ಅವರು ಕೇಳಿದರು. ಪುಸ್ತಕದ ಮಗು ಹೀಗೆ ಎದುರು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು.

“ಅದು, ಇನ್ಮೇಲೆ ಕ್ಲಾಸಲ್ಲಿ ನೀವು ಬಾಯಿ ತೆರೆಯೋ ಮುಂಚೆ ಸ್ವಲ್ಪ ಕೈ ಎತ್ತಬೇಕು ಅತ್ತೆ.”

ಸೂಜಿ ಗಾಳಿಯಲ್ಲಿ ನಿಂತಿತು.

“ಯಾರ ಮೇಲೆ?”

“ಯಾರ ಮೇಲೂ ಅಲ್ಲ. ಸುಮ್ನೆ ಮೇಲಕ್ಕೆ. ನೀವು ಕೈ ಎತ್ತಿದ ತಕ್ಷಣ ನಾನು ನಿಮಗೆ ಒಂದು ಕೊಡ್ತೀನಿ.”

ಇಷ್ಟು ಹೊತ್ತಿಗೆ ಹೆಂಡತಿ ಸೌಟಿನ ಸಮೇತ ಬಾಗಿಲಲ್ಲಿದ್ದಳು. ಆಕೆಯ ಕಣ್ಣಿಗೆ ಬಿದ್ದದ್ದು ಇದು: ಗಂಡ ನೆಲದ ಮೇಲೆ ಕುಸ್ತಿಗೆ ಕೂತಂತೆ ಕೂತಿದ್ದಾನೆ, ತಾಯಿ ಸೂಜಿ ಹಿಡಿದು ನೋಡುತ್ತಿದ್ದಾರೆ.

“ಏನ್ರೀ, ನಮ್ಮಮ್ಮನಿಗೆ ಒಂದು ಕೊಡ್ತೀರಾ?”

“ನಕ್ಷತ್ರ ಕಣೇ, ನಕ್ಷತ್ರ.”

“ನಕ್ಷತ್ರ ಕಾಣೋ ಹಾಗೆ ಕೊಡ್ತೀರಾ?”

ವ್ಯಾಕರಣ ಓದಿ ಮುದುಕನಾದವನು ಒಂದೇ ವಾಕ್ಯದಲ್ಲಿ ಹೀಗೆ ಎರಡು ಕಡೆ ಕಾಲು ಜಾರಬಾರದಿತ್ತು. ನಾನು ಕಾರ್ಡು ತೋರಿಸಿದೆ, ಸ್ಟಿಕ್ಕರ್ ತೋರಿಸಿದೆ, ಹೊಸ ಬೋಧನಾ ಕ್ರಮ ಎಂದೆ. ದೂರಿನ ಮಾತನ್ನು ಬಾಯಿ ಬಿಡಲಿಲ್ಲ. ಅದನ್ನು ಹೇಳಿದರೆ ಅತ್ತೆ ಅಂದೇ ಪೆಟ್ಟಿಗೆ ಕಟ್ಟುತ್ತಿದ್ದರು, ಹೆಂಡತಿ ಅದರ ಜೊತೆಗೆ ನನ್ನ ಪೆಟ್ಟಿಗೆಯನ್ನೂ ಕಟ್ಟುತ್ತಿದ್ದಳು. ಹೆಂಡತಿ ಸೌಟು ಇಳಿಸಿದಳಾದರೂ ಅಲ್ಲೇ ನಿಂತಳು. ಇಬ್ಬರೂ ಸೇರಿ ನನ್ನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕುರ್ಚಿಗೆ ಹಾಕಿದರು.

ಅತ್ತೆಯವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಈಗ ಅಳುತ್ತಾರೆ, ಈಗ ಅಳುತ್ತಾರೆ ಎಂದು ಕಾದೆ.

“ಇದು ತುಂಬಿದ್ರೆ ಏನು ಕೊಡ್ತೀರಿ?”

ಬ್ಯಾಟರಿ ದೀಪ ಎಂದೆ. ಇದೆ ಎಂದರು. ಹೊಸ ಕೊಡೆ ಎಂದೆ. ನಿಮ್ಮದನ್ನೇ ಬಳಸುತ್ತಿದ್ದೇನಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಒಂದು ಸಂಜೆ ಆ ಕರಿಹಲಗೆಯ ಮುಂದೆ ನಿಮ್ಮ ಬದಲು ನಾನು ನಿಲ್ಲಬೇಕು, ಕ್ಲಾಸು ನಾನು ತೆಗೆದುಕೊಳ್ಳಬೇಕು ಎಂದರು. ನಾನು ಉದಾರವಾಗಿ ಒಪ್ಪಿದೆ. ಕೈ ಎತ್ತಿ, ನಾನು ಕರೆಯುವ ತನಕ ಬಾಯಿ ಮುಚ್ಚಿ ಕೂರುವುದು! ಆ ಕಾರ್ಡು ತುಂಬುವ ಮೊದಲು ಸಮುದ್ರ ಬತ್ತುತ್ತದೆ ಎಂಬುದು ನನ್ನ ಲೆಕ್ಕ.

ಸಮುದ್ರ ಎಲ್ಲಿತ್ತೋ ಅಲ್ಲೇ ಇದೆ. ಕಾರ್ಡು ಮಾತ್ರ ತುಂಬತೊಡಗಿತು.

ಅಂದು ಸಂಜೆಯಿಂದ ಅತ್ತೆಯವರ ಬಲಗೈ ಇಳಿದದ್ದನ್ನು ನಾನು ಕಾಣೆ. ನಾನು ಸೀಮೆಸುಣ್ಣ ಹಿಡಿಯುವ ಮೊದಲೇ ಅದು ಬೀದಿದೀಪದ ಕಂಬದಂತೆ ನಿಂತಿರುತ್ತಿತ್ತು. ಅದರ ಎತ್ತರಕ್ಕೆ ಹೆದರಿ ಕಂಡಕ್ಟರ್ ಫ್ಯಾನು ನಿಲ್ಲಿಸಿದರು. ಬಾಯಿ ಮಾತ್ರ ಹೊಲಿದಂತೆ ಮುಚ್ಚಿತ್ತು. ಏನು ಅತ್ತೆ ಎಂದರೆ, ಏನಿಲ್ಲ, ಎತ್ತಿ ನೋಡಿದೆ ಎನ್ನುತ್ತಿದ್ದರು. ನಿಯಮ ಎಂದರೆ ನಿಯಮ. ನಾನು ಪುಸ್ತಕದಲ್ಲಿದ್ದಂತೆ ಎಲ್ಲರಿಗೂ ಕೇಳುವ ಹಾಗೆ “ಶಹಬ್ಬಾಸ್ ಅತ್ತೆ” ಎಂದು ಒಂದು ನಕ್ಷತ್ರ ಅಂಟಿಸುತ್ತಿದ್ದೆ. ಉಳಿದವರಿಗೆ ಹೊಟ್ಟೆಕಿಚ್ಚಾಗಿ ಅವರೂ ಕೈ ಎತ್ತತೊಡಗಿದರು. ಅವರಿಗೆ ಕಾರ್ಡಿಲ್ಲವಾದ್ದರಿಂದ ನಾನು ಆ ಕಡೆ ನೋಡುತ್ತಿರಲಿಲ್ಲ. ನೋಡಲು ಪುರುಸೊತ್ತಾದರೂ ಎಲ್ಲಿ? ಅತ್ತೆಯವರು ಸುಮ್ಮನಾದ ಮೇಲೆ ಸಿಕ್ಕ ನಿಶ್ಶಬ್ದವನ್ನು ವ್ಯರ್ಥ ಮಾಡಬಾರದೆಂದು ನಾನು ಮೊಬೈಲಿನಿಂದ ಸಂಧಿಗೆ, ಸಂಧಿಯಿಂದ ಸಮಾಸಕ್ಕೆ ಹರಿದಿದ್ದೆ. ಮೂವತ್ತು ವರ್ಷ ಅರವತ್ತು ಮಕ್ಕಳ ಕೊನೆಯ ಬೆಂಚಿಗೆ ಮುಟ್ಟಿಸಿದ ಕಂಠ ಮತ್ತೆ ಅರಳಿತ್ತು.

ಗೆದ್ದೆ ಅಂದುಕೊಂಡಾಗಲೇ ಲೈಬ್ರರಿ ಮೇಡಂ ಮತ್ತೆ ಬಾಗಿಲಿಗೆ ಬಂದರು. ಈ ಸಲ ಸೆರಗನ್ನು ಬೆರಳಿಗಲ್ಲ, ಇಡೀ ಕೈಗೆ ಸುತ್ತಿಕೊಂಡಿದ್ದರು.

“ಮೇಷ್ಟ್ರೇ, ಗೊತ್ತಾಯ್ತು, ನನಗೆ ಬಿಡಿ ಅಂದಿದ್ರಿ. ಈಗ ಮೊದಲಿಗಿಂತ ಜಾಸ್ತಿ ಆಗಿದೆಯಲ್ಲ. ಶುಕ್ರವಾರ ಸಮಿತಿ.”

ಅತ್ತೆ ತುಟಿ ಬಿಚ್ಚಿ ಒಂದು ವಾರವಾಗಿದೆ. ಜಾಸ್ತಿ ಆಗುವುದು ಏನು? ಅಂದಿನಿಂದ ನಾನು ಅವರನ್ನು ಪೊಲೀಸರಂತೆ ಗಮನಿಸಿದೆ. ಕೈ ಎತ್ತುವಾಗ ಬಳೆ ಸದ್ದಾಗುತ್ತದೆಯೇ? ಬಳೆ ತೆಗೆದಿಟ್ಟು ಬನ್ನಿ ಎಂದೆ, ತೆಗೆದಿಟ್ಟು ಬಂದರು. ಬೆಂಚು ಕಿರುಗುಟ್ಟುತ್ತದೆಯೇ? ಬೆಂಚಿನ ಕಾಲಿಗೆ ಚಿಂದಿ ಕಟ್ಟಿದೆ. ಉಸಿರಾಟದ ಮೇಲೂ ಅನುಮಾನ ಬಂತು, ಆದರೆ ಉಸಿರು ಬಿಡಬೇಡಿ ಎಂದು ಅತ್ತೆಗೆ ಹೇಳುವ ಧೈರ್ಯ ಯಾವ ಅಳಿಯನಿಗಿದೆ? ಗಾಬರಿಯಲ್ಲಿ ಪಾಠವನ್ನು ಇನ್ನಷ್ಟು ಒತ್ತಿ ಒತ್ತಿ ಹೇಳಿದೆ, ಶಹಬ್ಬಾಸನ್ನು ಇನ್ನಷ್ಟು ಏರಿಸಿದೆ. ಮನೆಯಲ್ಲಿ ಹೆಂಡತಿ ಹಾರ್ಡ್‌ವೇರ್ ಅಂಗಡಿಯವರು ಮತ್ತೆ ಕೇಳುತ್ತಿದ್ದರು ಎಂದು ನೆನಪಿಸಿದಳು. ನಕ್ಷತ್ರ ಅವರಿಗೆ, ಗ್ರಹಚಾರ ನನಗೆ.

ಗುರುವಾರ ಕಾರ್ಡಿನ ಕೊನೆಯ ಮನೆ ತುಂಬಿತು. ಅತ್ತೆಯವರು ಅದನ್ನು ಎತ್ತಿ ಎಲ್ಲರಿಗೂ ತೋರಿಸಿ, ನಾಳೆ ಕ್ಲಾಸು ನನ್ನದು ಎಂದರು. ನಾಳೆ ಎಂದರೆ ಶುಕ್ರವಾರ. ಕೆಳಗೆ ಸಮಿತಿ, ಮೇಲೆ ಅತ್ತೆ. ಮನೆಗೆ ಬಂದು, ಮುಂದಿನ ವಾರ ಇಟ್ಟುಕೊಳ್ಳೋಣ ಎಂದು ಬೇಡಿದೆ. ಹೆಂಡತಿ, ಮಗುವಿಗೆ ಕೊಟ್ಟ ಮಾತು ತಪ್ಪಬಾರದು ಎಂದಳು. (ಅವಳೂ ಯಾವಾಗಲೋ ಆ ಪುಸ್ತಕ ಓದಿದ್ದಳು.)

ಶುಕ್ರವಾರ ಅತ್ತೆಯವರು ಇಸ್ತ್ರಿಯ ಸೀರೆ ಉಟ್ಟು ಕರಿಹಲಗೆಯ ಮುಂದೆ ನಿಂತರು. ನಾನು ದರ್ಜಿಯ ಪಕ್ಕ ಕೊನೆಯ ಬೆಂಚಿನಲ್ಲಿ, ಸಿಡಿಲು ಬೀಳುವುದನ್ನು ಕಾಯುವವನಂತೆ ಕೂತೆ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದು ಬ್ಯಾಂಕಿನವರು ಎಂದು ಹೇಳಿಕೊಂಡರೆ ಏನು ಮಾಡಬೇಕು ಎಂಬುದು ಪಾಠ. ಶುರು ಮಾಡಿದರು. ಎಲ್ಲರೂ ಮುಂದಕ್ಕೆ ಬಾಗಿದರು. ಅತ್ತೆಯವರ ದನಿ ಅಷ್ಟೇನೂ ದೊಡ್ಡದಲ್ಲ ಎಂಬುದು ನನಗೆ ಅಂದು ಗೊತ್ತಾಯಿತು. ಇಷ್ಟು ದಿನ ಅವರು ಹೇಳುತ್ತಿದ್ದ ವಿಷಯ ದೊಡ್ಡದಿತ್ತು (ಅಂದರೆ ನಾನು), ದನಿ ಚಿಕ್ಕದೇ. ಕೋಣೆಯಲ್ಲಿ ಸೊಳ್ಳೆ ಹಾರಿದರೂ ಕೇಳುತ್ತಿತ್ತು. ಕಂಡಕ್ಟರ್ ಬಾಯಿ ತೆರೆದು ಕೇಳುತ್ತಿದ್ದರು. ನನ್ನ ಪಾಠಕ್ಕೆ ಅವರು ಬಾಯಿ ತೆರೆಯುತ್ತಿದ್ದದ್ದು ಆಕಳಿಸಲು.

ಹಾಗೆ ಕರೆ ಬಂದರೆ ಒಂದು ಮಾತೂ ಆಡದೆ ಫೋನ್ ಕಟ್ ಮಾಡಿಬಿಡಿ ಎಂದರು ಅತ್ತೆ. ಸರಿಯಾದ ಮಾತೇ. ಆದರೆ ನಾನು ಮೇಷ್ಟ್ರು.

“ಕಟ್ ಮಾಡೋದು ಅಲ್ಲ ಅತ್ತೆ” ಎಂದೆ ಕೊನೆಯ ಬೆಂಚಿನಿಂದ. “ಕರೆಯನ್ನು ಕಡಿತಗೊಳಿಸೋದು. ಕರೆ ಎಂಬುದಕ್ಕೆ ದ್ವಿತೀಯಾ ವಿಭಕ್ತಿ ಹಚ್ಚಬೇಕು.”

ಮಾತು ಮುಗಿಯುವಷ್ಟರಲ್ಲಿ ಮೆಟ್ಟಿಲಿನ ಮೇಲೆ ದಡದಡ ಹೆಜ್ಜೆ. ಲೈಬ್ರರಿ ಮೇಡಂ ಏದುಸಿರು ಬಿಡುತ್ತಾ ಬಂದವರು ನೇರವಾಗಿ ಅತ್ತೆಯವರ ಕಡೆ ತಿರುಗಿದರು.

“ಅಮ್ಮಾ, ಇವತ್ತು ಎಷ್ಟು ಚೆನ್ನಾಗಿ ನಡೀತಿತ್ತು. ಸಮಿತಿಯವರು ಕೆಳಗೆ ಕೂತು, ಮೇಲೆ ಕ್ಲಾಸು ಇದೆಯಾ ಇಲ್ವಾ ಅಂತ ಕೇಳ್ತಿದ್ರು. ಕೋಣೆ ನಿಮಗೇ ಇರಲಿ ಅಂತ ಬರೆಯೋಕೆ ಪೆನ್ನು ತೆಗೆದಿದ್ರು. ಅಷ್ಟರಲ್ಲಿ ಅವರು ಶುರು ಮಾಡಿಬಿಟ್ರಲ್ಲ.”

“ಯಾರು?” ಎಂದೆ ನಾನು.

ಎಲ್ಲರೂ ನನ್ನನ್ನು ನೋಡಿದರು. ಯಾರನ್ನು ನೋಡುತ್ತಿದ್ದಾರೆ ಎಂದು ನಾನು ಹಿಂದೆ ತಿರುಗಿದೆ, ಹಿಂದೆ ಗೋಡೆ.

ದರ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. “ನೀವೇ ಅಳಿಯಂದಿರೇ. ನಿಮ್ಮ ದನಿ ಆಚೆ ರಸ್ತೆಗೂ ಕೇಳುತ್ತೆ. ನಮಗೆಲ್ಲ ಮೊದಲೇ ಗೊತ್ತಿತ್ತು.”

“ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಕೈ ಎತ್ತಿದ್ವಿ. ನೀವು ನೋಡಲಿಲ್ಲ.”

ಹಿರಿಯರೊಬ್ಬರು ಅಂದಿದ್ದರು ಮೇಡಂ. ಅವರ ದನಿ ಅಂದಿದ್ದರು, ಅವರೇ ಅರ್ಥ ಮಾಡಿಕೊಳ್ಳಬೇಕು ಅಂದಿದ್ದರು. ನಮ್ಮ ಭಾಷೆಯ ಮರ್ಯಾದೆಯೇ ಹಾಗೆ. ಗೌರವದ ಬಹುವಚನ ಹೊದಿಸಿದರೆ ಒಳಗಿರುವುದು ಗಂಡೋ ಹೆಣ್ಣೋ, ಎದುರಿಗಿರುವವನೋ ಇಲ್ಲದವನೋ ಗೊತ್ತಾಗುವುದಿಲ್ಲ. ಆಕೆ ನನ್ನೆದುರು ನಿಂತು ನನಗೇ ಹೇಳಿದ್ದನ್ನು ನಾನು ಜೋಪಾನವಾಗಿ ಒಯ್ದು ಅತ್ತೆಗೆ ತಲುಪಿಸಿದ್ದೆ. ಜೀವಮಾನವೆಲ್ಲ ಸರ್ವನಾಮ ಕಲಿಸಿದವನಿಗೆ ಸರ್ವನಾಮದಿಂದಲೇ ಸರ್ವನಾಶ.

ಅತ್ತೆಯವರು ಸೀಮೆಸುಣ್ಣ ಕೆಳಗಿಟ್ಟರು. ಅಳಿಯಂದಿರು ಇಷ್ಟು ದಿನ ನನ್ನ ಬಾಯಿ ಹೊಲಿದದ್ದು ಈ ದೂರಿಗೆ ಹೆದರಿಯೇ ಎಂಬುದು ಅವರಿಗೂ ಹೊಳೆದಿರಬೇಕು. ಈಗಲಾದರೂ ಅಳುತ್ತಾರೆ, ನನ್ನ ಸಂಸಾರ ಮುಗಿಯಿತು ಎಂದು ನಾನು ಬೆಂಚು ಹಿಡಿದುಕೊಂಡೆ. ಅವರು ಅಳಲಿಲ್ಲ. ಮೇಡಂ ಕಡೆ ತಿರುಗಿ, “ನಮ್ಮ ಅಳಿಯಂದಿರು ಒಳ್ಳೆಯವರಮ್ಮ. ಹೇಳೋ ರೀತೀಲಿ ಹೇಳಿದ್ರೆ ಕೇಳ್ತಾರೆ. ನಾನು ನೋಡ್ಕೋತೀನಿ” ಎಂದರು.

ಕೋಣೆ ಉಳಿಯಿತು. ಅತ್ತೆಯವರು ಕಲಿಸುವುದು, ನಾನು ಕಲಿಯುವುದು ಎಂಬ ಷರತ್ತಿನ ಮೇಲೆ ಸಮಿತಿ ಸಹಿ ಹಾಕಿತು. ಹಾರ್ಡ್‌ವೇರ್ ಅಂಗಡಿಗೆ ಬೇರೆ ಯಾರೋ ಸಿಕ್ಕಿದರಂತೆ. ನಾನೀಗ ದರ್ಜಿಯ ಪಕ್ಕದಲ್ಲಿ ಕೂರುತ್ತೇನೆ. ನನಗೂ ಒಂದು ಕಾರ್ಡಾಗಿದೆ. ಇಡೀ ಸಂಜೆ ಯಾರ ವಿಭಕ್ತಿಯನ್ನೂ ಮುಟ್ಟದೆ ಕೂತರೆ ನಕ್ಷತ್ರ. ಒಂದು ಸಾಲು ತುಂಬಿದರೆ ಕರಿಹಲಗೆ ಒರೆಸುವ ಗೌರವ.

ನಿನ್ನೆ ನನ್ನ ಮೊದಲ ಸಾಲು ತುಂಬಿತು. ಎದ್ದು ಹೋಗಿ ಹಲಗೆಯನ್ನು ಮೂಲೆಮೂಲೆ ಬಿಡದೆ ಒರೆಸಿದೆ. ಎಷ್ಟು ನೀಟಾಗಿ ಒರೆಸುತ್ತಾರೆ ನಮ್ಮ ಅಳಿಯಂದಿರು ಎಂದು ಅತ್ತೆಯವರು ಎಲ್ಲರ ಮುಂದೆ ಹೊಗಳಿದರು. ಸಂತೋಷವಾಯಿತು, ಸುಳ್ಳು ಹೇಳಲಾರೆ. ಆದರೂ ಅವರದು ಬಲು ಮೆಲುದನಿ. ಇಂಥ ಮಾತನ್ನಾದರೂ ಕೆಳಗಿನವರಿಗೂ ಕೇಳುವಂತೆ ಸ್ವಲ್ಪ ಗಟ್ಟಿಯಾಗಿ ಹೇಳಬಾರದೇ?